ಅತ್ತೆಗೆ ಬಂದ ನೀರಿನ ಪಾಳಿ

ತೊಂಬತ್ತರ ದಶಕದಲ್ಲಿ ಹೈಸ್ಕೂಲು ಓದಲು ನಾನು ಪುಣೆಯ ಬಿಬವೇವಾಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ನಲ್ಲಿಗೆ ನೀರು ಬರುತ್ತಿದ್ದುದು ಬೆಳಗಿನ ಜಾವ ನಾಲ್ಕಕ್ಕೆ. ಎದ್ದು ಕೊಡ, ಬಕೆಟ್ಟು, ಪೀಪಾಯಿ ತುಂಬಿಸುವ ಪಾಳಿ ದಿನವೂ ನನ್ನದೇ. ನನ್ನದೇ ತರಗತಿಯಲ್ಲಿದ್ದ ಅತ್ತೆಯ ಮಗ ಏಳರವರೆಗೆ ಗೊರಕೆ ಹೊಡೆಯುತ್ತಿದ್ದ. ಇಬ್ಬರೂ ಕೂಡಿ ಬಾಯಿಪಾಠ ಮಾಡಿದ ಪದ್ಯವನ್ನು ಅವನು ಶಾಲೆಯಲ್ಲಿ ಗಿಣಿಯಂತೆ ಒಪ್ಪಿಸುತ್ತಿದ್ದ. ನಾನು ಎರಡನೇ ಸಾಲಿಗೇ ತಡವರಿಸಿ ನಿಲ್ಲುತ್ತಿದ್ದೆ. ಮನೆಗೆ ಬಂದವರೆದುರು ಅತ್ತೆ ನಗುತ್ತ ಹೇಳುತ್ತಿದ್ದಳು: "ಏನ್ ಮಾಡೂದ್ರಿ, ಇಕಿ ತಲ್ಯಾಗ ಏನೂ ನಿಲ್ಲಂಗಿಲ್ಲ."

ರಜೆಗೆ ಊರಿಗೆ ಹೋಗಿ ಕಣ್ತುಂಬ ನಿದ್ದೆ ಮಾಡಿದರೆ ಅವೇ ಪದ್ಯಗಳು ಒಂದು ಸಾಲೂ ತಪ್ಪದೆ ಬಾಯಿಗೆ ಬರುತ್ತಿದ್ದವು. ತಪ್ಪು ನನ್ನ ತಲೆಯದಲ್ಲ ಎಂದು ಆಗಲೇ ತಿಳಿಯಿತು. ತಿಳಿದದ್ದನ್ನು ಜೋಪಾನವಾಗಿ ಇಟ್ಟುಕೊಂಡೆ.

ಮದುವೆಯಾಗಿ ನಾನು ಪುಣೆಯಲ್ಲೇ ಮನೆ ಮಾಡಿದ ಮೇಲೆ, ತನ್ನ ಮಗನ ಫ್ಲ್ಯಾಟಿಗೆ ಬಣ್ಣ ಬಳಿಯುತ್ತಿದ್ದಾಗ ಅದೇ ಸೋದರತ್ತೆ ನಮ್ಮಲ್ಲಿಗೆ ಬಂದು ಒಂದು ತಿಂಗಳು ಉಳಿದಳು. ನಮಗೂ ನೀರು ನಾಲ್ಕಕ್ಕೇ ಬರುತ್ತಿತ್ತು. ಅವಳ ತಲೆದಿಂಬಿನ ಪಕ್ಕ ಅಲಾರಂ ಇಟ್ಟು, "ಅತ್ತಿ, ನೀರು ನೀವ ನೋಡ್ಕೋರಿ, ನನಗ ಎಚ್ಚರ ಆಗಂಗಿಲ್ಲ" ಎಂದೆ.

ಕೆಲವೇ ದಿನಗಳಲ್ಲಿ ಅತ್ತೆ ಒಮ್ಮೆ ಉಪ್ಪು ಹಾಕಿದ್ದನ್ನು ಮರೆತು ಸಾರಿಗೆ ಮತ್ತೆ ಹಾಕತೊಡಗಿದಳು. ಊಟಕ್ಕೆ ಬಂದ ನೆಂಟರು ಬಾಯಿಗಿಟ್ಟ ತುತ್ತನ್ನು ನುಂಗಲಾರದೆ ಅವಳತ್ತ ನೋಡಿದರು. ನಾನು ನಗುತ್ತ ಹೇಳಿದೆ: "ಏನ್ ಮಾಡೂದ್ರಿ, ಇವರ ತಲ್ಯಾಗ ಏನೂ ನಿಲ್ಲಂಗಿಲ್ಲ."

ಆ ಮಾತು ಯಾರದೆಂದು ಅತ್ತೆಗೆ ನೆನಪಾಗಲಿಲ್ಲ. ನನಗೆ ಅಕ್ಷರಕ್ಷರವೂ ನೆನಪಿತ್ತು. ಆ ತಿಂಗಳಿಡೀ ನಾನು ಏಳರವರೆಗೆ ಮಲಗುತ್ತಿದ್ದೆ.