ಸೀಮೆಸುಣ್ಣದ ಗೆರೆಯೊಳಗಿನ ಕುರ್ಚಿ

ನನಗೆ ಕಥೆ ಕಟ್ಟಲು ಬರುವುದಿಲ್ಲ. ಅಕ್ಷರ ಕೂಡಿಸಿ ಬರೆಯುವುದೇ ಕಷ್ಟ, ಇನ್ನು ಸುಳ್ಳು ಬೇರೆ ಬರೆಯಲೇ? ಶಹಾಪುರದಲ್ಲಿ ಆದದ್ದನ್ನು ಆದ ಹಾಗೆ ಬರೆದಿದ್ದೇನೆ. ನಗುವವರು ನಗಲಿ.

ನನ್ನ ಮೊಮ್ಮಗಳು ಸಂಗೀತಾ ಅಲ್ಲಿಯ ಕಲೆ-ಡಿಸೈನ್ ಕಾಲೇಜಿನಲ್ಲಿ ಓದುತ್ತಾಳೆ. ಓದು ಅಂದರೆ ನಿದ್ದೆ ಇಲ್ಲದ ಓದು. ಅವಳ ಚಿತ್ರವನ್ನು ಮೇಡಂ ಎರಡು ಸಲ ಹರಿದು ಕೈಗೆ ಕೊಟ್ಟಿದ್ದರು. ಈ ಸಲವೂ ಫೇಲಾದರೆ ಕಾಲೇಜು ಬಿಡಿಸಿ ಲಗ್ನ ಮಾಡುತ್ತೇನೆ ಎಂದು ನನ್ನ ಮಗ ಹೇಳಿಬಿಟ್ಟಿದ್ದ. ಅವನು ಹೇಳಿದ್ದನ್ನು ಮಾಡುವವನೇ.

ಪರೀಕ್ಷೆಗೆ ಎದುರಿಗೆ ಒಬ್ಬರನ್ನು ಕೂರಿಸಿಕೊಂಡು, ಅವರನ್ನು ನೋಡಿ ಚಿತ್ರ ಬರೆಯಬೇಕಿತ್ತು. ಕೂರಬೇಕಾದ ಹೆಂಗಸು ಬರುವುದಿಲ್ಲ ಅಂದಳಂತೆ. ನಮ್ಮೂರು ಬೋನಾಳದಿಂದ ನಾನೇ ಬಸ್ಸು ಹತ್ತಿದೆ.

ಆ ಕಾಲೇಜಿನಲ್ಲಿ ಒಂದು ಪದ್ಧತಿ. ಹೊರಗೆ ಬರೆಸಿಕೊಂಡು ತರಬಾರದೆಂದು ಪರೀಕ್ಷೆಯ ರಾತ್ರಿ ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಕೀಲಿ ಹಾಕುತ್ತಾರೆ.

"ಕೀಲಿ ಹಾಕ್ತೀನ್ರಿ ಅಮ್ಮಾ. ಇನ್ನ ಮುಂಜಾನಿಗೇ ತೆಗಿಯೋದು," ಅಂದ ವಾಚ್‌ಮನ್ ಮೌಲಾಸಾಬ.

"ಹಾಕಪ್ಪಾ. ಈ ವಯಸ್ಸಿನ್ಯಾಗ ನಾ ಯಾರ ಹಿಂದ ಓಡಿ ಹೋಗ್ಲಿ?" ಅಂದೆ. ನಗುತ್ತಾ ಕೀಲಿ ಹಾಕಿದ.

ಸಂಗೀತಾ ನನ್ನನ್ನು ಕಟ್ಟಿಗೆಯ ಕುರ್ಚಿಯಲ್ಲಿ ಕೂರಿಸಿದಳು. ಎದ್ದು ಬಂದರೂ ಮತ್ತೆ ಅದೇ ಜಾಗದಲ್ಲಿ ಕೂರಲೆಂದು ಕುರ್ಚಿಯ ಕಾಲಿಗೂ ನನ್ನ ಪಾದಕ್ಕೂ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿದಳು.

"ಅಳ್ಳಾಡಬ್ಯಾಡ ಆಯಿ."

"ಉಸಿರರೆ ತಗೊಳ್ಳಲೇನು?"

ಅವಳು ನಗಲಿಲ್ಲ. ಆಗಲೇ ಅವಳ ಕಣ್ಣಿಗೆ ನಾನು ಆಯಿ ಅಲ್ಲ, ಒಂದು ಕಲ್ಲು.

ಬಣ್ಣದೆಣ್ಣೆಯ ಘಾಟು ವಾಸನೆ. ಕಿಟಕಿಗೆ ಸರಳು. ಹೊರಗೆ, ಹಗಲೆಲ್ಲ ಬಿಸಿಲಿಗೆ ಕಾದ ಗುಡ್ಡದ ಬಂಡೆಗಳು ತಣ್ಣಗಾಗುತ್ತಾ ಟಕ್... ಟಕ್... ಅನ್ನುತ್ತಿದ್ದವು. ಒಳಗೆ ಬ್ರಷ್ಷಿನ ಸದ್ದು. ಸರ್... ಸರ್...

ಬಹಳ ಹೊತ್ತಾಯಿತು. ಕಾಲು ಜೋಮು ಹಿಡಿದವು. "ಬಚ್ಚಲಕ್ಕ ಹೋಗಿ ಬರ್ತೀನಿ" ಅಂದೆ. ಅವಳು ಬರೆಯುತ್ತಲೇ ಇದ್ದಳು. ಕೋಣೆಯ ಒಳಗಿನಿಂದಲೇ ಹಿಂದೆ ಬಚ್ಚಲಿತ್ತು, ಹೋದೆ.

ಒಳಗಿದ್ದಾಗಲೂ ಬ್ರಷ್ಷಿನ ಸದ್ದು ನಿಲ್ಲಲಿಲ್ಲ. ಸರ್... ಸರ್... ನಾನಿಲ್ಲದೆ ಏನನ್ನು ನೋಡಿ ಬರೆಯುತ್ತಿದ್ದಾಳೆ?

ಆಮೇಲೆ ಅವಳ ದನಿ.

"ಗದ್ದ ಸ್ವಲ್ಪ ಮ್ಯಾಲ ಆಯಿ... ಹಾಂ, ಹಂಗ."

ನಾನು ಹೊರಗೆ ಬಂದೆ. ಅವಳ ಬೆನ್ನು ನನ್ನ ಕಡೆಗಿತ್ತು. ಕುರ್ಚಿ ಖಾಲಿ. ಆದರೂ ಅವಳು ಕುರ್ಚಿ ನೋಡುತ್ತಿದ್ದಳು, ಬರೆಯುತ್ತಿದ್ದಳು, ಮತ್ತೆ ನೋಡುತ್ತಿದ್ದಳು.

"ಸಂಗೀತಾ... ನಾ ಇಲ್ಲಿ ಅದೀನಿ."

ಅವಳು ತಿರುಗಲಿಲ್ಲ. ಕುರ್ಚಿಗೇ ಹೇಳಿದಳು, "ಮಾತಾಡಬ್ಯಾಡ ಆಯಿ. ಬಾಯಿ ಅಳ್ಳಾಡ್ತದ."

ಕುರ್ಚಿ ಕಿರ್ ಅಂದಿತು.

ನಾನು ಬಾಗಿಲಿಗೆ ಹೋಗಿ ಗುದ್ದಿದೆ. "ಮೌಲಾಸಾಬಾ! ಬಾಗ್ಲಾ ತೆಗಿಯೋ!" ಯಾರೂ ಬರಲಿಲ್ಲ. ಮೊಮ್ಮಗಳ ಭುಜ ಹಿಡಿದು ಅಲುಗಾಡಿಸಿದೆ. ಗೋಡೆ ಹಿಡಿದ ಹಾಗಿತ್ತು. ಕೈ ಮಾತ್ರ ಓಡುತ್ತಿತ್ತು.

ಆಗ ಚಿತ್ರ ನೋಡಿದೆ. ನನ್ನದೇ ಸೀರೆ, ನನ್ನದೇ ಮುಖ. ಆದರೆ ನಾನು ಎರಡೂ ಪಾದ ಗೆರೆಯೊಳಗೇ ಇಟ್ಟು ಕೂತಿದ್ದೆ. ಚಿತ್ರದಲ್ಲಿ ಒಂದು ಪಾದ ಗೆರೆ ದಾಟಿ ಹೊರಗಿತ್ತು. ಬಣ್ಣ ಇನ್ನೂ ಹಸಿ... ಇನ್ನೊಂದು ಪಾದದ ಹಿಮ್ಮಡಿಯೂ ಎದ್ದಿತ್ತು.

ಹುಡುಗಿ ಕಂಡದ್ದನ್ನು ಬರೆಯುತ್ತಿದ್ದಾಳೆ. ಅಲ್ಲಿ ಕೂತದ್ದು ಏಳುತ್ತಿದೆ. ಅವಳ ಕಡೆಗೇ.

ಯೋಚನೆ ಮಾಡಲಿಲ್ಲ. ಓಡಿಹೋಗಿ ಆ ಕುರ್ಚಿಯಲ್ಲಿ ಕೂತೆ.

ಅಷ್ಟು ಹೊತ್ತು ನಾನೇ ಕೂತು ಎದ್ದ ಕುರ್ಚಿ. ನೀರು ತುಂಬಿದ ಕೊಡದ ಹೊಟ್ಟೆಯ ಹಾಗೆ ತಣ್ಣಗಿತ್ತು. ಕತ್ತಿನ ಹಿಂದೆ ಹಸಿ ಮಣ್ಣಿನ ವಾಸನೆ. ಯಾರೋ ಜಾಗ ಕೊಡದೆ ಒತ್ತುತ್ತಿದ್ದ ಹಾಗೆ ಬೆನ್ನಿಗೆ ಭಾರ...

"ಕಾಲ ಒಳಗ ತಗೋ ಆಯಿ," ಅಂದಳು ಸಂಗೀತಾ.

ನನ್ನ ಕಾಲು ಒಳಗೇ ಇದ್ದವು. ಇನ್ನೂ ಒತ್ತಿ ಕೂತೆ. ಹಲ್ಲು ಕಚ್ಚಿದೆ.

"ಹಾಂ. ಈಗ ಸರಿ ಆತು."

ಬೆಳಗಿನವರೆಗೂ ಏಳಲಿಲ್ಲ. ಉಚ್ಚೆ ಬಂದರೂ ಏಳಲಿಲ್ಲ, ಅಲ್ಲೇ ಆಯಿತು. ನಾಚಿಕೆ ಆಮೇಲೆ, ಮೊದಲು ಕೂಸು.

ಮೌಲಾಸಾಬ ಕೀಲಿ ತೆಗೆದಾಗ ಸಂಗೀತಾ ಕಣ್ಣುಜ್ಜಿ ಆಕಳಿಸಿದಳು.

"ಬಾಗ್ಲಾ ಗುದ್ದಿದ್ದು ಕೇಳಲಿಲ್ಲೇನೋ?" ಅಂದೆ.

"ಇಲ್ರಿ ಅಮ್ಮಾ, ರಾತ್ರೆಲ್ಲಾ ಇಲ್ಲೇ ಬಾಗ್ಲಿಗೇ ಕುಂತಿದ್ದೆ," ಅಂದ.

ಸಂಗೀತಾ ಅಂದಳು, "ನೀ ಎಲ್ಲಿ ಎದ್ದಿದ್ದಿ ಆಯಿ? ಒಂದು ಸಲನೂ ಎದ್ದಿಲ್ಲ."

ಅವಳು ಪಾಸಾದಳು. ಮೇಡಂ ಹರಿಯಲಿಲ್ಲ, ಚಿತ್ರದಲ್ಲಿ ಜೀವ ಇದೆ ಅಂದರಂತೆ. ಮಗನೂ ಲಗ್ನದ ಮಾತು ಬಿಟ್ಟ.

ಮೊನ್ನೆ ಮನೆಗೆ ಬಂದವಳು ಪೆನ್ಸಿಲ್ ಕೆತ್ತುತ್ತಾ, ಮುಂದಿನ ಸೋಮವಾರ ಇನ್ನೊಂದು ಪರೀಕ್ಷೆ, ಇನ್ನೂ ದೊಡ್ಡ ಚಿತ್ರ ಅಂದಳು.

"ನಾ ಬರಂಗಿಲ್ಲವ್ವಾ. ಬ್ಯಾರೆ ಯಾರನ್ನರೆ ನೋಡಿಕೋ."

ಅವಳು ತಲೆ ಎತ್ತಲಿಲ್ಲ.

"ಬ್ಯಾಡ ಬಿಡು ಆಯಿ. ನೀ ಬರದಿದ್ರೂ ನಡೀತದ."

ಹೇಗೆ ನಡೆಯುತ್ತದೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇಲ್ಲ. ಚೀಲದಲ್ಲಿ ಎರಡು ಸೀರೆ ಹಾಕಿಟ್ಟಿದ್ದೇನೆ. ಸೋಮವಾರ ಶಹಾಪುರದ ಬಸ್ಸು ಹತ್ತುತ್ತೇನೆ. ಅವಳ ಓದು ಮುಗಿಯಲು ಇನ್ನೂ ಎರಡು ವರ್ಷ ಇದೆ.