ನೆಂಟರಲ್ಲದ ಹನ್ನೆರಡು ಗಂಡಸರು

ಗಂಡಸರ ಬಾಯಿಗೆ ಹತ್ತಿಕಡ್ಡಿ ಹಾಕುವುದು ನನ್ನ ಕೆಲಸವಾಗಿತ್ತು. ನಗಬೇಡಿ, ಅದಕ್ಕೆ ಸಂಬಳವಿತ್ತು. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮ್ ಹಿಡಿದು ಊರೂರಿನ ಗಂಡಸರ ತಂದೆಕಡೆಯ ಮೂಲ ಹುಡುಕುವ ಸಂಶೋಧನೆ ಅದು. ಸಾಗರದಲ್ಲಿ ರೂಮು ಮಾಡಿಕೊಂಡಿದ್ದ ನಾನು ಕೆನ್ನೆಯೊಳಗಿನ ಮಾದರಿ ಸಂಗ್ರಹಿಸುವವಳು. ಸಂಶೋಧನೆ ನಡೆಸುವ ಮೇಡಂ ಮೊದಲೇ ಹೇಳಿದ್ದರು: "ಒಂದೇ ಗಂಡುಸಂತತಿಯವರು ಇಬ್ಬರು ಬರಬಾರದು. ಸೋಮವಾರ ಹನ್ನೆರಡು ಸರಿಯಾದ ಮಾದರಿ ಕೊಟ್ಟರೆ ಮುಂದಿನ ವರ್ಷವೂ ಕೆಲಸ ನಿನ್ನದೇ. ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ."

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಹನ್ನೆರಡು ಮನೆಯಿಂದ ಹನ್ನೆರಡು ಗಂಡಸರು ಒಂದೇ ಜಗಲಿಯಲ್ಲಿ ಸೇರಿದರು. ಫಾರಂನಲ್ಲಿ "ಪಿತೃವಂಶೀಯ ರಕ್ತಸಂಬಂಧ ಉಂಟೇ?" ಎಂದಿತ್ತು. ಇದು ಯಾವ ದೇವರಿಗೆ ಅರ್ಥವಾಗಬೇಕು? ತೀರ್ಥಹಳ್ಳಿಯ ಹುಡುಗಿ, ಮಲೆನಾಡಿನ ಮಾತು ನನಗೆ ಗೊತ್ತು ಎಂಬ ಜಂಬದಲ್ಲಿ ನಾನೇ ಸರಳ ಮಾಡಿ ಕೇಳಿದೆ: "ನೀವೆಲ್ಲ ಒಬ್ಬರಿಗೊಬ್ಬರು ನೆಂಟರಾ?"

"ಇಲ್ಲೆ, ಇಲ್ಲೆ. ನೆಂಟ್ರು ಯಾರೂ ಅಲ್ಲ," ಎಂದರು ಮೇಲಿನಮನೆಯ ಹಿರಿಯಜ್ಜ. ಉಳಿದ ಹನ್ನೊಂದು ತಲೆಗಳೂ ಆಡಿದವು. ಮೇಲಿನಮನೆ, ಕೆಳಗಿನಮನೆ, ಆಚೆಮನೆ ಎಂದು ಹನ್ನೆರಡು ಮನೆಯ ಹೆಸರು ಬರೆದುಕೊಂಡೆ. ಕವಳ ಉಗಿಸಿ, ಬಾಯಿ ಮುಕ್ಕಳಿಸಿಸಿ, ಅರ್ಧ ಗಂಟೆ ಎಲೆ ಅಡಿಕೆ ಮುಟ್ಟದಂತೆ ಕಾವಲು ಕೂತದ್ದೇ ನಿಜವಾದ ಸಂಶೋಧನೆ.

ಗುರುವಾರ, ಉಪಕಾರ ಸ್ಮರಣೆಗೆಂದು, ವರದಮೂಲದ ಪ್ರಸಾದ ಹಿಡಿದು ಮತ್ತೆ ಹೋದೆ. ಮೇಲಿನಮನೆಯ ಅಜ್ಜ ಕೈ ಹಿಂದಕ್ಕೆ ಕಟ್ಟಿಕೊಂಡರು. "ಅಮೆ ಇದ್ದು. ಪ್ರಸಾದ ತಗಳಂಗಿಲ್ಲೆ." ಅಮೆ ಎಂದರೆ ಹೆರಿಗೆಯ ಸೂತಕ, ಅವರ ಮೊಮ್ಮಗನಿಗೆ ಹೆಣ್ಣುಮಗು ಹುಟ್ಟಿತ್ತಂತೆ. ಸಂತೋಷ ಎಂದು ಕೆಳಗಿನಮನೆಗೆ ಹೋದರೆ ಅಲ್ಲೂ ಅಮೆ. ಆಚೆಮನೆಯಲ್ಲೂ ಅಮೆ. ಉಳಿದ ಮನೆಗಳಲ್ಲೂ ಅದೇ ಮಾತು. ಎಲಾ ಇದರ! ಒಂದು ಕೂಸಿಗೆ ಹನ್ನೆರಡು ಮನೆಯಲ್ಲಿ ಸೂತಕವೇ? ಸೂತಕ ತಗಲುವುದು ತಂದೆಕಡೆಯ ಒಂದೇ ವಂಶದವರಿಗಲ್ಲವೇ!

ಓಡಿ ಬಂದು ಅಜ್ಜನನ್ನು ಕೇಳಿದೆ. "ನೆಂಟರಲ್ಲ ಅಂದಿದ್ರಲ್ಲ!"

"ನೆಂಟ್ರು ಅಂದ್ರೆ ಹೆಣ್ಣು ಕೊಟ್ಟವು, ತಂದವು. ಎಂಗೊ ಎಲ್ಲ ದಾಯಾದಿಗೊ!"

ಒಬ್ಬನೇ ಮುತ್ತಜ್ಜನ ಮಕ್ಕಳು, ಮೊಮ್ಮಕ್ಕಳು. ಹನ್ನೆರಡು ಕೊಳವೆಯಲ್ಲಿ ಒಂದೇ ವೈ. ಅಜ್ಜ ಸುಳ್ಳು ಹೇಳಿರಲಿಲ್ಲ. ನನಗೇ ಕನ್ನಡ ಬಂದಿರಲಿಲ್ಲ. ಕೆಲಸ ಹೋಯಿತು ಎಂದು ಜಗಲಿಯಲ್ಲೇ ಅತ್ತುಬಿಟ್ಟೆ.

ಒಳಗಿಂದ ಅಜ್ಜಿ ಬಂದರು. "ಗಂಡಸ್ರ ಬಾಯಿಗೆ ಹತ್ತಿ ಹಾಕ್ದೆ, ಹೆಂಗಸ್ರ ಬಾಯಿ ಕೇಳಿದ್ದೇ ಇಲ್ಲೆ. ಬರ್ಕ ಕೂಸೇ." ಯಾರ ಸೂತಕ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಸುತ್ತಲ ಊರುಗಳನ್ನೆಲ್ಲ ಬೆರಳಲ್ಲಿ ಎಣಿಸಿದರು. ಅರಳಸುರಳಿ, ಕೋಣಂದೂರು ಎನ್ನುತ್ತಾ ಹನ್ನೊಂದು ಬೇರೆ ಬೇರೆ ಮನೆತನ ಬರೆಸಿದರು. ಒಂದು ವೈ ಕ್ರೋಮೋಸೋಮೂ ಇಲ್ಲದ ಹೆಂಗಸು!

ಮೇಡಂಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಬೈದರು, ಚೆನ್ನಾಗಿಯೇ ಬೈದರು. ಭಾನುವಾರ ಸಂಜೆಯೊಳಗೆ ಹನ್ನೊಂದು ಮನೆಯನ್ನೂ ಮುಗಿಸಿದೆ, ಅಜ್ಜನದೊಂದು ಸೇರಿ ಹನ್ನೆರಡು. ಕೆಲಸ ಉಳಿಯಿತು.

ಕೂಸಿನ ನಾಮಕರಣಕ್ಕೆ ನನ್ನನ್ನೂ ಕರೆದರು. ರಕ್ತಸಂಬಂಧವಿಲ್ಲ, ಹೆಣ್ಣು ಕೊಟ್ಟಿದ್ದಿಲ್ಲ, ತಂದದ್ದೂ ಇಲ್ಲ. ಬೆಳ್ಳಿ ಲೋಟ ಹಿಡಿದು ಅಂಗಳದಲ್ಲಿ ಸಂಕೋಚದಿಂದ ನಿಂತಿದ್ದೆ. ಅಜ್ಜ ನೋಡಿದವರೇ, ಬಾಯಾರಿಕೆಗೆ ಏನಾದರೂ ತರಲು ಒಳಗೆ ಕೂಗಿದರು:

"ಆಸ್ರಿಗೆ ತಗಂಡು ಬಾರೇ, ನೆಂಟ್ರು ಬಂದ್ವು!"