ಬೇಳೆ ಮಿಲ್ಲಿನ ಬೆಂಕಿ ಆರಿಸಿದವರು

ನಿವೃತ್ತನಾದವನು ಒಂದೋ ಗುಡಿಯ ಕಮಿಟಿ ಸೇರುತ್ತಾನೆ, ಇಲ್ಲವೇ ಇತಿಹಾಸ ಬರೆಯುತ್ತಾನೆ. ಕಮಿಟಿಯಲ್ಲಿ ಜಾಗ ಖಾಲಿ ಇರಲಿಲ್ಲ. ಹಾಗಾಗಿ, ಹುಮನಾಬಾದಿನಲ್ಲಿ ನಾನು ಗುಮಾಸ್ತನಾಗಿದ್ದ ತೊಗರಿಬೇಳೆ ಮಿಲ್ಲಿನ ಇತಿಹಾಸ ಬರೆಯಲು ಕೂತೆ. ಮಿಲ್ಲು ಮುಚ್ಚಿ ಬಹಳ ಕಾಲವಾಗಿತ್ತು. ಅದರ ಜಾಗದಲ್ಲಿ ಈಗ ಮದುವೆಯ ಹಾಲ್ ಇದೆ. ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ.

"ಅದ್ರಾಗ ಬರ್ಯಾಕ ಏನ್ ಅದ? ತೊಗರಿ ಬಂತು, ಬ್ಯಾಳಿ ಹೋಯ್ತು" ಎಂದಳು ಹೆಂಡತಿ.

ಇತಿಹಾಸ ಎನ್ನಬಹುದಾದ ಘಟನೆ ಅಲ್ಲಿ ನಡೆದದ್ದು ಒಂದೇ. ಒಂದು ಬೇಸಿಗೆಯ ಮಧ್ಯಾಹ್ನ ಹೊಟ್ಟಿನ ಗೋದಾಮಿಗೆ ಬೆಂಕಿ ಬಿತ್ತು, ಆರಿಸಿದರು. ಯಾರು ಆರಿಸಿದರು ಎಂಬಲ್ಲಿಂದ ನನ್ನ ಸಂಶೋಧನೆ ಶುರುವಾಯಿತು.

ಹಳೆಯ ಮ್ಯಾನೇಜರರು ಹುಮನಾಬಾದಿನಲ್ಲೇ ಇದ್ದಾರೆ. "ನಾನೇ ನೀರಿನ ಪೈಪ್ ಹಿಡದು ಒಳಗ ಹೊಕ್ಕೆ. ಉಳದವರೆಲ್ಲಾ ಗೇಟಿನ ಹೊರಗ ನಿಂತಿದ್ರು. ಬರಕೊಳ್ರಿ" ಎಂದರು. ಬರೆದುಕೊಂಡೆ. ಆಮೇಲೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಮಿಲ್ಲಿನ ಫಿಟ್ಟರನಾಗಿದ್ದವನು ಅಲ್ಲಿ ಕೋಟೆಯ ಕಡೆಯ ಓಣಿಯಲ್ಲಿ, ಮಗಳ ಮನೆಯಲ್ಲಿದ್ದ.

"ಪೈಪಾ? ಆ ಪೈಪಿನಾಗ ನೀರೇ ಬರ್ತಿರ್ಲಿಲ್ಲ. ಕರೆಂಟ್ ಕಟ್ ಮಾಡಿ, ಉಸುಕು ಸುರುವಿ ಆರ್ಸಿದಾಂವ ನಾ. ಸಾಹೇಬ್ರು ಟೇಬಲ್ ಮ್ಯಾಲ ನಿಂತು ಒದರಾಕತ್ತಿದ್ರು!"

ಆರಿಸಿದ್ದು ಯಾರು ಎಂಬ ಈ ಒಂದು ಮಾತಿಗಾಗಿ ಇಬ್ಬರೂ ಅಂದಿನಿಂದ ಮಾತು ಬಿಟ್ಟಿದ್ದರು. ನಿಷ್ಪಕ್ಷಪಾತಿ ಇತಿಹಾಸಕಾರನಾದ ನಾನು ಅವರನ್ನು ಎದುರುಬದುರು ಕೂಡಿಸಲು ನಿರ್ಧರಿಸಿದೆ. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಹೇಳದೆ, ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಕರೆಸಿದೆ. ಮುಖ ತಿರುಗಿಸಿ ಕೂತರು. ನಾನು ಬೆಂಕಿಯ ಅಧ್ಯಾಯ ಓದಿದೆ. ಕಣ್ಣು ಕುಕ್ಕುವ ಹೊಗೆ, ಸುಟ್ಟ ಹೊಟ್ಟಿನ ವಾಸನೆ, ಒದ್ದೆ ಗೋಣಿಚೀಲ ಹೊತ್ತು ನಾನು ಓಡಿದ ಓಟ. ಪುಸ್ತಕದಲ್ಲಿ ಚೆನ್ನಾಗಿ ಬಂದಿದ್ದ ಭಾಗ ಅದೊಂದೇ.

ಮ್ಯಾನೇಜರರು ಫಿಟ್ಟರನ ಕಡೆ ತಿರುಗಿದರು. "ಇವರು ಅವತ್ತ ಎಲ್ಲಿದ್ರೋ?"

"ಇರ್ಲೇ ಇಲ್ರಿ ಸಾಹೇಬ್ರ. ರಜಾ ಮ್ಯಾಲ ಇದ್ರು."

"ಹೌದಲ್ಲ! ರಜಾ ಕೊಟ್ಟಾಂವ ನಾನೇ."

ಇಬ್ಬರೂ ಮೇಜು ಬಡಿದು ನಕ್ಕರು. ನಾನು ನಂಬಲಿಲ್ಲ. ಮನೆಗೆ ಬಂದು ಹೆಂಡತಿಯನ್ನು ಕೇಳಿದೆ.

"ನಿರ್ಣಾ ಊರಾಗ ನನ್ನ ತಮ್ಮನ ಮದಿವ್ಯಾಗ ಇದ್ರಿ. ಬೆಂಕಿ ಸುದ್ದಿ ಬಂತು. ಊಟ ಬಿಟ್ಟು ಏಳ್ತೀನಂದ್ರಿ. ಏಳಲಿಲ್ಲ."

ಎರಡು ದಿನ ಮಂಕಾಗಿ ಕೂತೆ. ಆ ಸುಟ್ಟ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಯಾರ ಮೂಗಿನಿಂದ ಬಂದು ಸೇರಿತೋ ತಿಳಿಯದು. ಕೊನೆಗೆ ಅಧ್ಯಾಯದಿಂದ ನನ್ನನ್ನು ಹೊಡೆದುಹಾಕಿದೆ.

ಈಗ ಫಿಟ್ಟರ ವಾರಕ್ಕೊಮ್ಮೆ ಬಸವಕಲ್ಯಾಣದಿಂದ ಬರುತ್ತಾನೆ. ಇಬ್ಬರೂ ಹೋಟೆಲಿನಲ್ಲಿ ಅಕ್ಕಪಕ್ಕ ಕೂತು ನನ್ನ ಪುಟಗಳನ್ನು ತಿದ್ದುತ್ತಾರೆ. ಮೊದಲು ಉಸುಕು, ಆಮೇಲೆ ನೀರು ಎಂಬಲ್ಲಿಗೆ ರಾಜಿಯಾಗಿದೆ. ನೀವೇ ಬರೆದುಬಿಡಿ ಎಂದು ಮೊನ್ನೆ ಹೇಳಿದೆ.

"ಛೇ ಛೇ, ನೀವೇ ಬರೀರಿ" ಎಂದರು ಮ್ಯಾನೇಜರರು. "ಅಲ್ಲಿ ಇರಲಾರದವರು ಭಾಳ ಛಲೋ ಬರೀತಾರ."